ಕತ್ತು ಎಳೆದರೆ ಕಿವಿಯದೇ ತಪ್ಪಾ?

ಪ್ರಶ್ನೆ: ನನಗೆ 46 ವರ್ಷ. ಉಣಕಲ್‌ನಲ್ಲಿ ಮನೆ, ಧಾರವಾಡದ ಬಟ್ಟೆ ಅಂಗಡಿಯಲ್ಲಿ ಕೆಲಸ, ದಿನಾ ಬೈಕಿನಲ್ಲೇ ಓಡಾಟ. ಕೆಲವು ತಿಂಗಳಿಂದ ಕತ್ತು ತಾನಾಗೇ ಎಡಕ್ಕೆ ಎಳೆಯುತ್ತದೆ. ಗದ್ದಕ್ಕೆ ಬೆರಳು ತಾಗಿಸಿದರೆ ನೆಟ್ಟಗಾಗುತ್ತದೆ. ಅದಕ್ಕೇ ಮನೆಯಲ್ಲಿ "ಸುಮ್ನೆ ನಾಟಕ" ಅಂತಾರೆ. ನಡೆಯುವಾಗ ವಾಲಿದ ಹಾಗಾಗುತ್ತದೆ. ಕಿವಿಯ ಬ್ಯಾಲೆನ್ಸ್ ಕೆಟ್ಟಿರಬೇಕೆಂದು ತಲೆಸುತ್ತಿನ ಮಾತ್ರೆ ತಿನ್ನುತ್ತಿದ್ದೇನೆ. ಸರಿಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ನಾಟಕ ಖಂಡಿತ ಅಲ್ಲ. ಗದ್ದ ಮುಟ್ಟಿದರೆ ಎಳೆತ ಸಡಿಲವಾಗುವುದು ಸರ್ವೈಕಲ್ ಡಿಸ್ಟೋನಿಯಾದ ಹೆಸರಾಂತ ಗುರುತು, ಮನೆಯವರಿಗೆ ಇದನ್ನೇ ಓದಿ ಹೇಳಿ. ಮಿದುಳು ಕತ್ತಿನ ಸ್ನಾಯುಗಳಿಗೆ ಕೊಡುವ ಅಪ್ಪಣೆ ಏರುಪೇರಾದಾಗ ಹೀಗಾಗುತ್ತದೆ. ಆದರೂ ಪತ್ರ ನೋಡಿ ರೋಗ ಹೇಳಲಾಗದು, ನರರೋಗ ತಜ್ಞರೇ ಕತ್ತು ಮುಟ್ಟಿ ನೋಡಬೇಕು.

ಇನ್ನು ಕಿವಿ. ಮನೆಯವರ ಕೈಗೆ ಈ ಪುಟ ಕೊಟ್ಟು ತಲೆ ಅಲ್ಲಾಡಿಸುತ್ತಾ ಓದಲು ಹೇಳಿ (ನೀವು ಮಾಡಬೇಡಿ). ಅಕ್ಷರ ಕಾಣುತ್ತವೆ. ತಲೆ ನಿಲ್ಲಿಸಿ ಪುಟವನ್ನು ಅಷ್ಟೇ ಜೋರಾಗಿ ಅಲ್ಲಾಡಿಸಿದರೆ ಮಸಕು! ತಲೆ ಬಲಕ್ಕೆ ತಿರುಗಿದ ಕೂಡಲೇ ಒಳಕಿವಿ ಸುದ್ದಿ ಕೊಟ್ಟು, ಸುಮಾರು 10 ಮಿಲಿಸೆಕೆಂಡಿನಲ್ಲಿ ಕಣ್ಣು ಎಡಕ್ಕೆ ಸರಿಯುತ್ತದೆ. ಅದಕ್ಕೇ ಈ ವ್ಯತ್ಯಾಸ. ಕತ್ತು ತಿರುಚುವವರನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿಯೋ, ಕಿವಿಗೆ ಬಿಸಿನೀರು, ತಣ್ಣೀರು ಬಿಟ್ಟೋ ಈ ಪ್ರತಿಕ್ರಿಯೆ ಅಳೆದಾಗ ಕೆಲವರಲ್ಲಿ ಎರಡು ಬದಿ ಸಮ ಬರುವುದಿಲ್ಲ, ಅದು ಎಳೆತಕ್ಕೆ ಕಾರಣವೋ, ತಲೆ ಬಹುಕಾಲ ಓರೆಯಾಗಿದ್ದುದರ ಫಲವೋ ಎಂಬ ವಾದ ದಶಕಗಳಿಂದ ನಡೆದೇ ಇದೆ. ತಲೆ ಎತ್ತ ತಿರುಗಿದೆ ಎಂದು ಕತ್ತಿನ ಸ್ನಾಯುಗಳೂ ಮಿದುಳಿಗೆ ಹೇಳುತ್ತಿರುತ್ತವೆ, ಅಲ್ವಾ? ಆ ಲೆಕ್ಕ ತಪ್ಪಿದರೂ ವಾಲಿದಂತೆ ಅನ್ನಿಸಬಹುದು. ಹಾಗಾಗಿ ನಾನಂತೂ ಕಿವಿಯನ್ನೇ ಮೊದಲ ಕಳ್ಳ ಅನ್ನುವುದಿಲ್ಲ.

ಮಾತ್ರೆಯ ಹೆಸರು ನೀವು ಬರೆದಿಲ್ಲ. ತಲೆಸುತ್ತಿಗೆ ಕೊಡುವ ಪ್ರೊಕ್ಲೋರ್‌ಪೆರಜಿನ್‌ನಂಥ ಔಷಧಿಯೇ ಕೆಲವರ ಕತ್ತು ತಿರುಚಿಬಿಡುತ್ತದೆ! ಎಳೆತ ಶುರುವಾದದ್ದು ಮಾತ್ರೆಗೆ ಮುಂಚೆಯೋ ಆಮೇಲೋ ನೆನಪಿಸಿಕೊಳ್ಳಿ. ಸ್ಟ್ರಿಪ್ ಹಿಡಿದುಕೊಂಡೇ ಈ ವಾರ ಡಾಕ್ಟರ ಹತ್ತಿರ ಹೋಗಿ.

ಡಿಸ್ಟೋನಿಯಾ ಹೌದೆಂದರೆ ಎಳೆಯುವ ಸ್ನಾಯುಗಳಿಗೇ, ಅವನ್ನು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ ಕೊಡುತ್ತಾರೆ. ಪರಿಣಾಮ ಸುಮಾರು ಮೂರು ತಿಂಗಳು, ಮತ್ತೆ ಹಾಕಿಸಬೇಕು. ಕೆಲವರಿಗೆ ಕೆಲ ದಿನ ನುಂಗಲು ಕಷ್ಟವಾಗುತ್ತದೆ, ಜಾಸ್ತಿಯಾದರೆ ಅಥವಾ ಉಸಿರಾಡಲು ತೊಂದರೆಯಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಡಾಕ್ಟರು ನೋಡುವವರೆಗೆ ಯಾರಿಗೂ ಕತ್ತು ಲಟಕ್ ಅನ್ನಿಸಲು ಬಿಡಬೇಡಿ. ಬಲಕ್ಕೆ ತಿರುಗಿ ನೋಡಲಾಗದವರು ಬೈಕೂ ಹತ್ತಬಾರದು, ಧಾರವಾಡಕ್ಕೆ ಚಿಗರಿ ಬಸ್ಸು ಇದ್ದೇ ಇದೆಯಲ್ಲ.