ಗದಗಿನ ಡೀಸೆಲ್‌ಗೆ 19, ಹುಬ್ಬಳ್ಳಿ ಡೀಸೆಲ್‌ಗೆ 22: ಇದು ಎಣ್ಣೆಯ ಗುಣವೇ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಡೀಸೆಲ್ ಗಾಡಿಗಳ ಆವರೇಜ್, ಅಂದರೆ ಲೀಟರಿಗೆ ಎಷ್ಟು ಕಿ.ಮೀ. ಎಂಬುದರ ಬಗ್ಗೆಯೇ ಇವೆ. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಉಳಿದ ಹಲವರ ಪ್ರಶ್ನೆಯೂ ಅದರಲ್ಲೇ ಅಡಗಿರುವುದರಿಂದ ಅದನ್ನು ಕತ್ತರಿಸಲು ಮನಸ್ಸಾಗಲಿಲ್ಲ.

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಗದಗ-ಬೆಟಗೇರಿ. 2016ರ ಡಿಸೈರ್ ಡೀಸೆಲ್ ಇದೆ, 1 ಲಕ್ಷ 10 ಸಾವಿರ ಕಿ.ಮೀ. ಓಡಿದೆ. ಕೆಲಸ ಹುಬ್ಬಳ್ಳಿಯಲ್ಲಿ, ವಾರಕ್ಕೆ ನಾಲ್ಕು ದಿನ ಹೋಗಿ ಬರುತ್ತೇನೆ. ಟ್ಯಾಂಕ್ ಯಾವತ್ತೂ ಅರ್ಧಕ್ಕಿಂತ ಕೆಳಗೆ ಬಿಡುವುದಿಲ್ಲ. ಬೆಳಿಗ್ಗೆ ಗದಗಿನ ಬಂಕಿನಲ್ಲಿ 300 ರೂಪಾಯಿ ಡೀಸೆಲ್ ಹಾಕಿಸಿ ಮೀಟರ್ ಸೊನ್ನೆ ಮಾಡಿದರೆ ಹುಬ್ಬಳ್ಳಿ ಮುಟ್ಟುವಾಗ 19 ತೋರಿಸುತ್ತದೆ. ಸಂಜೆ ಹುಬ್ಬಳ್ಳಿಯಲ್ಲಿ ಬೇರೆ ಕಂಪನಿಯ ಬಂಕಿನಲ್ಲಿ 300 ರೂಪಾಯಿ ಹಾಕಿಸಿ ವಾಪಸ್ ಬಂದರೆ 22. ಜೂನ್‌ನಿಂದ ಹೀಗೇ ನಡೆದಿದೆ. ಗೆಳೆಯರೂ ಆ ಕಂಪನಿಯ ಎಣ್ಣೆಯೇ ಛಲೋ ಅಂತಾರೆ. ಇನ್ನು ಅದನ್ನೇ ಹಾಕಿಸಲಾ? ಪ್ರೀಮಿಯಂ ಡೀಸೆಲ್ ಹಾಕಿಸಿದರೆ ಇನ್ನೂ ಜಾಸ್ತಿ ಬರುತ್ತಾ?

ಉತ್ತರ: ನಿಮ್ಮ ಲೆಕ್ಕ ಓದಿ ನಗು ಬಂತು, ಬೇಜಾರಾಗಬೇಡಿ. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಬಿಡುವುದಿಲ್ಲ ಎಂದಿದ್ದೀರಿ. ಅಂದರೆ ಒಳಗೆ ಇಪ್ಪತ್ತು ಲೀಟರ್ ಹಳೆಯದು ಕೂತಿರುತ್ತದೆ. ಅದರ ಮೇಲೆ ಬೆಳಿಗ್ಗೆ ಬೀಳುವುದು ಮೂರು ಚಿಲ್ಲರೆ ಲೀಟರ್, ಸಂಜೆ ಮತ್ತೆ ಮೂರು ಚಿಲ್ಲರೆ. ಒಂದೆರಡು ವಾರ ಕಳೆದ ಮೇಲೆ ಎಂಜಿನ್‌ಗೆ ಹೋಗುವುದು ಎರಡೂ ಕಂಪನಿಯದ್ದು ಕಲಸಿದ ಗಿರ್ಮಿಟ್. ಹೋಗುವಾಗಲೂ ಅದೇ, ಬರುವಾಗಲೂ ಹೆಚ್ಚುಕಡಿಮೆ ಅದೇ. ಹಾಗಿದ್ದ ಮೇಲೆ 19ಕ್ಕೂ 22ಕ್ಕೂ ಎಣ್ಣೆ ಹೇಗೆ ಕಾರಣವಾದೀತು?

ನನ್ನ ಅನುಮಾನ ಗಾಳಿಯ ಮೇಲೆ. ಟೈರಿನ ಹವಾ ಅಲ್ಲ, ಬೀಸುವ ಗಾಳಿ. ಹುಬ್ಬಳ್ಳಿ ನಿಮಗೆ ಪಶ್ಚಿಮಕ್ಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಗಾಳಿ ಬೀಸುವುದೂ ಪಶ್ಚಿಮದಿಂದಲೇ. ಕಪ್ಪತಗುಡ್ಡದ ಕಡೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲವಲ್ಲ. ಅಣ್ಣಿಗೇರಿ ಆಚೀಚೆ ಎರಡೂ ಬದಿ ಎರೆಹೊಲ, ಗಾಳಿಗೆ ಅಡ್ಡ ನಿಲ್ಲಲು ಒಂದು ದಿಬ್ಬವೂ ಇಲ್ಲ. ಬೆಳಿಗ್ಗೆ ನೀವು ಅದಕ್ಕೆ ಎದೆಯೊಡ್ಡಿ ಹೋಗುತ್ತೀರಿ, ಸಂಜೆ ಅದೇ ನಿಮ್ಮ ಬೆನ್ನು ತಳ್ಳುತ್ತದೆ.

ಇದೇನು ಸಣ್ಣ ಲೆಕ್ಕ ಅಲ್ಲ. ಗಾಡಿ 80ರಲ್ಲಿ ಓಡುತ್ತಿದೆ, ಗಾಳಿ ಗಂಟೆಗೆ ಬರೀ 10 ಕಿ.ಮೀ. ಅಂತಿಟ್ಟುಕೊಳ್ಳಿ. ಹೋಗುವಾಗ ಗಾಡಿಯ ಮೂತಿಗೆ ತಾಕುವುದು 90ರ ಗಾಳಿ, ಬರುವಾಗ 70ರದ್ದು. ಗಾಳಿಯ ತಡೆ ವೇಗದ ಜೊತೆ ಸಮನಾಗಿ ಏರುವುದಿಲ್ಲ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಆ ಲೆಕ್ಕದಲ್ಲಿ ಹೋಗುವಾಗಿನ ತಡೆ ಬರುವಾಗಿನದಕ್ಕಿಂತ ನೂರಕ್ಕೆ 65ರಷ್ಟು ಹೆಚ್ಚು. 80ರ ವೇಗದಲ್ಲಿ ಕಾರು ಎದುರಿಸುವ ಒಟ್ಟು ತಡೆಯಲ್ಲಿ ಸುಮಾರು ಅರ್ಧ ಪಾಲು ಗಾಳಿಯದ್ದೇ. ಮೂರು ಕಿಲೋಮೀಟರ್ ಹೆಚ್ಚುಕಮ್ಮಿ ಆಗಲು ಇಷ್ಟು ಸಾಕೋ ಸಾಕು. ಇದಕ್ಕೆ ಬೆಳಗಿನ ತಣ್ಣನೆ ಎಂಜಿನ್ನೂ ಒಂಚೂರು ಸೇರಿಸಿ.

ದೀಪಾವಳಿ ಮುಗಿದ ಮೇಲೆ ಗಾಳಿ ತಿರುಗಿ ಪೂರ್ವದಿಂದ ಬೀಸಲು ಶುರುವಾಗುತ್ತದೆ. ಆಗ ಮತ್ತೊಮ್ಮೆ ಬರೆಯಿರಿ. ಗದಗಿನ ಎಣ್ಣೆಯೇ ಛಲೋ ಎನ್ನುವ ಸಾಧ್ಯತೆ ಇದೆ!

ಇನ್ನು ಕಂಪನಿಗಳ ವಿಷಯ. 2020ರ ಏಪ್ರಿಲ್ 1ರಿಂದ ದೇಶದ ಎಲ್ಲ ಬಂಕುಗಳಲ್ಲೂ ಬಿಎಸ್6, ಅಂದರೆ ಭಾರತ್ ಸ್ಟೇಜ್ 6 ಎಂಬ ಹೊಗೆ ನಿಯಮಕ್ಕೆ ಹೊಂದುವ ಡೀಸೆಲ್ಲೇ. ಗಂಧಕ 10 ಪಿಪಿಎಂ (ಹತ್ತು ಲಕ್ಷಕ್ಕೆ 10 ಪಾಲು) ಮೀರಬಾರದು, ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂದು ಹೇಳುವ ಸೀಟೇನ್ ಸಂಖ್ಯೆ 51ಕ್ಕಿಂತ ಕಡಿಮೆ ಇರಬಾರದು. ಬೋರ್ಡಿನ ಬಣ್ಣ ಯಾವುದೇ ಇರಲಿ, ಈ ಅಳತೆ ಎಲ್ಲರಿಗೂ ಒಂದೇ. ನಮ್ಮ ರಾಜ್ಯದಲ್ಲಿ ಇರುವುದು ಒಂದೇ ರಿಫೈನರಿ, ಮಂಗಳೂರಿನ ಎಂಆರ್‌ಪಿಎಲ್. ಇಂಡಿಯನ್ ಆಯಿಲ್, ಭಾರತ್, ಹಿಂದೂಸ್ತಾನ್ ಮೂರೂ ಸರಕಾರಿ ಕಂಪನಿಗಳು ಒಬ್ಬರ ಮಾಲನ್ನು ಇನ್ನೊಬ್ಬರು ಕೊಟ್ಟು ತೆಗೆದುಕೊಂಡು ಮಾಡುತ್ತವೆ. ಹಾಗಾಗಿ ಬೇರೆ ಬೇರೆ ಬಣ್ಣದ ಎರಡು ಟ್ಯಾಂಕರ್‌ಗಳಲ್ಲಿ ಒಂದೇ ರಿಫೈನರಿಯ ಡೀಸೆಲ್ ಇದ್ದರೆ ಆಶ್ಚರ್ಯ ಪಡಬೇಕಿಲ್ಲ.

ಒಂದು ಲೋಡಿಗೂ ಇನ್ನೊಂದಕ್ಕೂ ಸಾಂದ್ರತೆಯಲ್ಲಿ ವ್ಯತ್ಯಾಸ ಇರುತ್ತದೆ, ಅದು ನಿಜ. ದಪ್ಪ ಡೀಸೆಲ್‌ನಲ್ಲಿ ಲೀಟರಿಗೆ ಶಕ್ತಿ ಸ್ವಲ್ಪ ಜಾಸ್ತಿ. ಘನ ಮೀಟರಿಗೆ 820 ಕೆ.ಜಿ. ಇದ್ದದ್ದು 845 ಆದರೆ ನೂರಕ್ಕೆ ಎರಡು, ಎರಡೂವರೆ ಪಾಲು ವ್ಯತ್ಯಾಸ ಬರಬಹುದು. ಆದರೆ ಅದು ಆ ಲೋಡಿನ ಗುಣ, ಕಂಪನಿಯದ್ದಲ್ಲ. ಮುಂದಿನ ವಾರದ ಟ್ಯಾಂಕರ್‌ನಲ್ಲಿ ಉಲ್ಟಾ ಆಗಬಹುದು.

ಪ್ರೀಮಿಯಂ ಡೀಸೆಲ್ ಅಂದರೆ ಇದೇ ಡೀಸೆಲ್‌ಗೆ ಔಷಧ ಬೆರೆಸಿದ್ದು. ಎಂಜಿನ್‌ಗೆ ಡೀಸೆಲ್ ಚಿಮ್ಮುವ ಇಂಜೆಕ್ಟರ್ ಮೂತಿಯಲ್ಲಿ ಕೂತ ಮಸಿ ತೊಳೆಯುವುದು, ನೊರೆ ತಗ್ಗಿಸುವುದು, ಬೇಗ ಹೊತ್ತಿಕೊಳ್ಳುವಂತೆ ಮಾಡುವುದು ಇದರ ಕೆಲಸ. ಲೀಟರಿನೊಳಗೆ ಹೊಸ ಶಕ್ತಿಯನ್ನೇನೂ ಅದು ತುಂಬುವುದಿಲ್ಲ. ಜಿಯೋ-ಬಿಪಿ 2023ರಲ್ಲಿ ಹೆಚ್ಚು ದುಡ್ಡು ಕೇಳದೆ ಇಂಥ ಡೀಸೆಲ್ ತಂದಾಗ ಲಾರಿಗಳಿಗೆ 4.3%ವರೆಗೆ ಉಳಿತಾಯ ಎಂದು ಹೇಳಿಕೊಂಡಿತು. ಆ 'ವರೆಗೆ' ಎಂಬ ಪದದ ಮೇಲೆ ಕಣ್ಣಿರಲಿ. ಅದೂ ಕಂಪನಿಯೇ ತನ್ನ ಮಾಲಿಗೆ ಹೇಳಿಕೊಂಡ ಮಾತು, ಲಾರಿಗೆ ಹೇಳಿದ್ದು.

ಪ್ರೀಮಿಯಂಗೆ ಲೀಟರಿಗೆ 4 ರೂಪಾಯಿ ಜಾಸ್ತಿ, ಸಾದಾ ಡೀಸೆಲ್ 90 ಅಂತ ಹಿಡಿಯಿರಿ. 20 ಕೊಡುವ ಗಾಡಿ 20.9 ಕೊಟ್ಟರೆ ನಿಮ್ಮ ದುಡ್ಡು ನಿಮಗೆ ವಾಪಸ್, ಅಷ್ಟೇ. ಲಾಭ ಶುರುವಾಗುವುದು ಅದರಾಚೆಗೆ. ನನ್ನ ಅಭಿಪ್ರಾಯ ಕೇಳಿದರೆ, ಅದೇ ರೇಟಿಗೆ ಸಿಕ್ಕರೆ ಹಾಕಿಸಿ, ಹೆಚ್ಚು ಕೊಟ್ಟು ಬೇಡ. ಲಕ್ಷ ದಾಟಿದ ನಿಮ್ಮ ಗಾಡಿಗೆ ಇಂಜೆಕ್ಟರ್ ಒಮ್ಮೆ ತೋರಿಸಿ, ಡೀಸೆಲ್ ಫಿಲ್ಟರ್ ಬದಲಿಸುವುದು ಅದಕ್ಕಿಂತ ಒಳ್ಳೆಯ ಖರ್ಚು.

ಇಷ್ಟು ಹೇಳಿದರೂ ನಿಮಗೆ ಪರೀಕ್ಷೆ ಮಾಡಲೇಬೇಕು ಅನ್ನಿಸಿದರೆ, ಮೀಟರ್ ನಂಬಬೇಡಿ. ಇಂಜೆಕ್ಟರ್ ಎಷ್ಟು ಹೊತ್ತು ತೆರೆಯಿತು ಎಂಬುದರ ಮೇಲೆ ಅದು ಅಂದಾಜು ಕಟ್ಟುತ್ತದೆಯೇ ಹೊರತು ಲೀಟರ್ ಅಳೆಯುವುದಿಲ್ಲ. ಟ್ಯಾಂಕ್ ಫುಲ್‌ನಿಂದ ಟ್ಯಾಂಕ್ ಫುಲ್‌ಗೆ ಲೆಕ್ಕ ಹಾಕಿ. ಇಲ್ಲೂ ಒಂದು ಮೋಸ ಇದೆ, ನೊರೆಯದ್ದು. ಡೀಸೆಲ್ ಜೋರಾಗಿ ಬಿದ್ದರೆ ಸೋಪಿನ ನೀರಿನ ಹಾಗೆ ನೊರೆ ಏಳುತ್ತದೆ. ಅದು ಬಾಯಿಗೆ ಬಂದ ಕೂಡಲೇ ಗನ್ 'ಟಕ್' ಅಂತ ನಿಲ್ಲುತ್ತದೆ. ನೀವು ಫುಲ್ ಆಯಿತು ಅಂದುಕೊಳ್ಳುತ್ತೀರಿ. ಎರಡು ನಿಮಿಷ ಕಾದು ನೋಡಿ. ನೊರೆ ಕೂತು ಮತ್ತೆ ಲೀಟರ್, ಎರಡು ಲೀಟರ್ ಹಿಡಿಯುತ್ತದೆ. ಒಂದು ಬಂಕಿನ ಗನ್ ಜೋರು, ಇನ್ನೊಂದರದ್ದು ನಿಧಾನ. ಒಂದು ಕಡೆ ಗಾಡಿ ನಿಲ್ಲುವ ಜಾಗ ವಾಲಿರುತ್ತದೆ. 40 ಲೀಟರಿಗೆ ಎರಡು ಲೀಟರ್ ತಪ್ಪಿದರೆ ಅಲ್ಲಿಗೆ ನೂರಕ್ಕೆ ಐದು ಹೋಯಿತು. ಜಿಯೋ-ಬಿಪಿ ಹೇಳಿಕೊಂಡ 4.3%ಗಿಂತಲೂ ಅದು ಹೆಚ್ಚು.

ಹಾಗಾಗಿ ಒಂದೇ ಬಂಕ್, ಒಂದೇ ಗನ್, ನೊರೆ ಇಳಿಯುವವರೆಗೆ ಕಾಯುವುದು. ಒಂದು ಕಂಪನಿಯದ್ದು ಕನಿಷ್ಠ ಮೂರು ಟ್ಯಾಂಕ್ ಸುಡಬೇಕು, ಹೋಗಿ ಬರುವ ದಾರಿ ಎರಡೂ ಲೆಕ್ಕಕ್ಕೆ ಸೇರಬೇಕು. ಆಮೇಲೆ ಟ್ಯಾಂಕ್ ಬಹುತೇಕ ಖಾಲಿ ಮಾಡಿ ಇನ್ನೊಂದು ಕಂಪನಿಯದ್ದು ಮೂರು ಟ್ಯಾಂಕ್. ವ್ಯತ್ಯಾಸ ನೂರಕ್ಕೆ ಐದರೊಳಗೆ ಬಂದರೆ ಎರಡೂ ಒಂದೇ ಅಂತ ಬರೆದುಕೊಳ್ಳಿ.

ಹಾಗಂತ ಎಲ್ಲ ಬಂಕುಗಳೂ ಒಂದೇ ಅಂತ ನಾನು ಹೇಳುತ್ತಿಲ್ಲ. ವ್ಯತ್ಯಾಸ ಇರುವುದು ಬಂಕಿನಿಂದ ಬಂಕಿಗೆ. ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಒಂದು ಬಂಕಿನಲ್ಲಿ ಹಾಕಿಸಿಕೊಂಡು ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ನನ್ನ ಗಾಡಿ ಜಗ್ಗಾಡಿ ನಿಂತಿತು. ಫಿಲ್ಟರ್ ತಳದ ಸ್ಕ್ರೂ ಬಿಚ್ಚಿ ಗಾಜಿನ ಬಾಟಲಿಗೆ ಇಳಿಸಿದೆ. ಮೇಲೆ ತಿಳಿ ಹಳದಿ ಡೀಸೆಲ್, ಕೆಳಗೆ ಎರಡು ಬೆರಳು ನೀರು. ಮಧ್ಯೆ ದಾರ ಎಳೆದ ಹಾಗೆ ಗೆರೆ. ಆ ಬಾಟಲಿ ತೋರಿಸಿದ ಮೇಲೇ ಬಂಕಿನವರು ಮಾತಾಡಿದ್ದು. ಅಂದಿನಿಂದ ನನ್ನದು ಒಂದೇ ನೇಮ. ಲಾರಿ, ಬಸ್ಸು ಸಾಲು ನಿಲ್ಲುವ ಬಂಕಿಗೆ ಹೋಗುತ್ತೇನೆ, ಅಲ್ಲಿ ಮಾಲು ನಿಂತು ಹಳಸುವುದಿಲ್ಲ. ಟ್ಯಾಂಕರ್ ಖಾಲಿ ಮಾಡುತ್ತಿದ್ದರೆ ಮುಂದಿನ ಬಂಕಿಗೆ ಹೋಗುತ್ತೇನೆ, ಯಾಕೆಂದರೆ ತಳದ ಕೊಳೆ ಎದ್ದಿರುತ್ತದೆ.

ಅಳತೆ ಮೇಲೆ ಅನುಮಾನ ಬಂದರೆ 5 ಲೀಟರ್ ಮಾಪು ಕೇಳಿ. ಬಂಕಿನಲ್ಲಿ ಇರಲೇಬೇಕು. 25 ಮಿಲಿ ಆಚೀಚೆ ಆದರೆ ನಡೆಯುತ್ತದೆ, ಅದಕ್ಕಿಂತ ಕಡಿಮೆ ಬಿದ್ದರೆ ಕಾನೂನು ಮಾಪನ ಇಲಾಖೆಗೆ ದೂರು ಕೊಡಿ. ಸಾಂದ್ರತೆ ನೋಡುವ ಹೈಡ್ರೋಮೀಟರ್ ಕೂಡ ಅಲ್ಲೇ ಇರುತ್ತದೆ. ಅಂದಹಾಗೆ, ಕಲಬೆರಕೆ ಇದೆಯೇ ಎಂದು ಫಿಲ್ಟರ್ ಪೇಪರ್ ಮೇಲೆ ಹನಿ ಬಿಟ್ಟು ನೋಡುವುದು ಪೆಟ್ರೋಲ್‌ಗೆ ಮಾತ್ರ. ಡೀಸೆಲ್‌ಗೆ ಮಾಡಿದರೆ ಕಲೆ ಉಳಿದೇ ಉಳಿಯುತ್ತದೆ, ಸುಮ್ನೆ ಜಗಳ ಆಗುತ್ತದೆ.

ಪ್ರಶ್ನೆ: ಬ್ಯಾಡಗಿಯಿಂದ ಬರೆಯುತ್ತಿದ್ದೇನೆ. ಬೊಲೆರೊ ಇದೆ. ಮೋಟೆಬೆನ್ನೂರಿನಲ್ಲಿ ಹೈವೇ ಹತ್ತಿದರೆ ಹುಬ್ಬಳ್ಳಿವರೆಗೆ 100ರಲ್ಲೇ ಹೊಡೆಯುತ್ತೇನೆ. ಮೇಲೆ ಕ್ಯಾರಿಯರ್ ಇದೆ, ಚೀಲ ಹೇರುವುದು ತಿಂಗಳಿಗೊಮ್ಮೆ. ಆವರೇಜ್ 12ರ ಮೇಲೆ ಏರುತ್ತಿಲ್ಲ. ಟೈರಿಗೆ ನೈಟ್ರೋಜನ್ ಹಾಕಿಸಿದರೆ ಸರಿ ಹೋಗುತ್ತಾ ಅಣ್ಣಾರೆ?

ಉತ್ತರ: ನೈಟ್ರೋಜನ್‌ನಿಂದ ಏನೂ ಆಗುವುದಿಲ್ಲ. ಸಾದಾ ಹವಾ ಸಾಕು, ಆದರೆ ಹದಿನೈದು ದಿನಕ್ಕೊಮ್ಮೆ ನೋಡಿಸಿ. ನಾಲ್ಕೂ ಟೈರಿನಲ್ಲಿ ಒಂದು ಪಿಎಸ್‌ಐ ಇಳಿದರೆ ಆವರೇಜ್ ಸುಮಾರು 0.2% ಕಡಿಮೆಯಾಗುತ್ತದೆ. ಜನ ಹೇಳುವಷ್ಟು ದೊಡ್ಡ ನಷ್ಟ ಅಲ್ಲ, ಟೈರ್ ಸವೆಯುವುದೇ ದೊಡ್ಡ ನಷ್ಟ.

ನಿಮ್ಮ ಡೀಸೆಲ್ ತಿನ್ನುತ್ತಿರುವುದು ಆ 100. ಬೊಲೆರೊ ಮೊದಲೇ ಕಪಾಟು ಇದ್ದ ಹಾಗೆ. ಕಪಾಟಿನ ಮೇಲೆ ಮಂಚ ಕಟ್ಟಿಕೊಂಡು 100ರಲ್ಲಿ ಓಡಿಸಿದರೆ ಏನಾದೀತು? 80ಕ್ಕೆ ಹೋಲಿಸಿದರೆ 100ರಲ್ಲಿ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಹೆಚ್ಚು. ಹಾವೇರಿ, ಬಂಕಾಪುರ, ಶಿಗ್ಗಾಂವಿ ದಾರಿಯಲ್ಲಿ ಒಂದು ತಿಂಗಳು 80 ಮೀರದೆ ಹೋಗಿ ನೋಡಿ. ಹುಬ್ಬಳ್ಳಿಗೆ ಹತ್ತು-ಹದಿನೈದು ನಿಮಿಷ ತಡವಾಗಬಹುದು. ಕ್ಯಾರಿಯರ್ ನಾಲ್ಕು ನಟ್ಟಿನ ಕೆಲಸ, ಬಿಚ್ಚಿ ಗೋದಾಮಿನಲ್ಲಿಡಿ.

ಪ್ರಶ್ನೆ: ನಾನು ಧಾರವಾಡದಲ್ಲಿ ಶಿಕ್ಷಕಿ. 2021ರ ಬಿಎಸ್6 ಡೀಸೆಲ್ ಸಣ್ಣ ಎಸ್‌ಯುವಿ ಇದೆ. ಮನೆಯಿಂದ ಶಾಲೆಗೆ 4 ಕಿ.ಮೀ., ಅಷ್ಟೇ ಓಡಾಟ. ಕೆಲವು ದಿನ ಆವರೇಜ್ ದಿಢೀರನೆ 9ಕ್ಕೆ ಇಳಿಯುತ್ತದೆ. ನಿಂತಲ್ಲೇ ಎಂಜಿನ್ ಸದ್ದು ಏರುತ್ತದೆ, ಬಂದ್ ಮಾಡಿದ ಮೇಲೂ ಫ್ಯಾನ್ ತಿರುಗುತ್ತಿರುತ್ತದೆ. ಬಂಕ್ ಬದಲಿಸಿ ನೋಡಿದೆ, ಉಪಯೋಗ ಆಗಲಿಲ್ಲ.

ಉತ್ತರ: ಮೇಡಂ, ಬಂಕಿನವರ ತಪ್ಪೇನಿಲ್ಲ. ನಿಮ್ಮ ಗಾಡಿಯ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಜಾಲರಿ ಇದೆ. ಹೊಗೆಯ ಮಸಿ ಅದರಲ್ಲಿ ಕೂರುತ್ತದೆ. ತುಂಬಿದಾಗ ಗಾಡಿ ತಾನೇ ಹೆಚ್ಚು ಡೀಸೆಲ್ ಸುರಿದು, ಜಾಲರಿಯನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿ ಸುಡುತ್ತದೆ. ನೀವು ಹೇಳಿದ್ದೆಲ್ಲ ಅದರದ್ದೇ ಲಕ್ಷಣ. ನಾಲ್ಕು ಕಿಲೋಮೀಟರಿಗೆ ಬಂದ್ ಮಾಡಿದರೆ ಸುಡುವುದು ಅರ್ಧಕ್ಕೇ ನಿಲ್ಲುತ್ತದೆ. ನಾಳೆ ಮತ್ತೆ ಮೊದಲಿನಿಂದ ಶುರು, ಮತ್ತೆ ಡೀಸೆಲ್ ಖರ್ಚು.

ವಾರಕ್ಕೊಮ್ಮೆ ಕಿತ್ತೂರು ಕಡೆ ಹೈವೇಗೆ ಹೋಗಿ, ಅರ್ಧ ಗಂಟೆ 70-80ರಲ್ಲಿ ಒಂದೇ ಸಮ ಓಡಿಸಿ. ಎಂಜಿನ್ ಆಯಿಲ್ ಕಡ್ಡಿ ಎತ್ತಿ ನೋಡುವುದನ್ನೂ ಮರೆಯಬೇಡಿ. ಆಯಿಲ್ ಮಟ್ಟ ಇಳಿಯುವ ಬದಲು ಏರಿದ್ದರೆ ಅದಕ್ಕೆ ಡೀಸೆಲ್ ಬೆರೆಯುತ್ತಿದೆ ಎಂದರ್ಥ, ಬೇಗ ಬದಲಿಸಿ. ನಿಮ್ಮ ಓಡಾಟ ಇಷ್ಟೇ ಆಗಿದ್ದರೆ ಮುಂದಿನ ಗಾಡಿ ಪೆಟ್ರೋಲ್ ತಗೊಳ್ಳಿ. ಹೇಳಲು ಸಂಕೋಚವಾಗುತ್ತದೆ, ಆದರೂ ಡೀಸೆಲ್ ನಿಮಗಲ್ಲ.

ಪ್ರಶ್ನೆ: ಬೆಳಗಿನ ಜಾವ ಹಾಕಿಸಿದರೆ, 500ರ ಬದಲು 510 ರೂಪಾಯಿಗೆ ಹಾಕಿಸಿದರೆ ಜಾಸ್ತಿ ಡೀಸೆಲ್ ಬರುತ್ತೆ ಅಂತಾರೆ. ಖರೇನಾ? (ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ಡೀಸೆಲ್ 10 ಡಿಗ್ರಿ ತಂಪಾದರೆ ನೂರಕ್ಕೆ 0.8ರಷ್ಟು ಕುಗ್ಗುತ್ತದೆ. ಆದರೆ ಬಂಕಿನ ಟ್ಯಾಂಕ್ ನೆಲದೊಳಗಿದೆ, ಹಗಲು-ರಾತ್ರಿಗೆ ಅಲ್ಲಿ ಒಂದೆರಡು ಡಿಗ್ರಿಯೂ ಬದಲಾಗುವುದಿಲ್ಲ. ಇನ್ನು 510: ಮೋಸ ಮಾಡುವ ಯಂತ್ರ 510ಕ್ಕೂ ಮೋಸ ಮಾಡುತ್ತದೆ. ಸೊನ್ನೆ ನೋಡಿ ಹಾಕಿಸಿ, ನಿದ್ದೆ ಕೆಡಿಸಿಕೊಳ್ಳಬೇಡಿ.