ಟ್ಯಾಂಕ್ ಖಾಲಿ ಮಾಡಿಸಿದರೂ ಹಿತ್ತಲು ಒಣಗುತ್ತಿಲ್ಲ, ಯಾಕೆ?

ಪ್ರಶ್ನೆ: ಮೇಡಂ, ನಮ್ಮ ಹಿತ್ತಲಲ್ಲಿ ಸೆಪ್ಟಿಕ್ ಟ್ಯಾಂಕ್, ಅದರ ಪಕ್ಕದಲ್ಲಿ ಇಂಗುಗುಂಡಿ ಇದೆ. ಎರಡು ವರ್ಷದಿಂದ ಗುಂಡಿಯ ಸುತ್ತ ಕಪ್ಪು ನೀರು ಒಸರುತ್ತಿದೆ. ಮಳೆಗಾಲದಲ್ಲಂತೂ ಕಿಟಕಿ ತೆಗೆಯುವಂತಿಲ್ಲ, ಅಷ್ಟು ನಾತ. ಟ್ಯಾಂಕ್ ಖಾಲಿ ಮಾಡಿಸಿದರೆ ಒಂದು ವಾರ ಸರಿ ಇರುತ್ತದೆ, ಆಮೇಲೆ ಮತ್ತದೇ. ಒಂದು ಲೋಡ್ ಮಣ್ಣು ಹಾಕಿಸಿದೆವು, ಅದೂ ಕೆಸರಾಯಿತು. ಗುಲಾಬಿ ಗಿಡಗಳು ಬೇರು ಕೊಳೆತು ಹೋದವು. ದೊಡ್ಡ ಟ್ಯಾಂಕ್ ಕಟ್ಟಿಸಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಕಟ್ಟಿಸಲೇ?

ಉತ್ತರ: ಬೇಡ, ಸ್ವಲ್ಪ ತಡೆಯಿರಿ. ‘ಒಂದು ವಾರ ಸರಿ ಇರುತ್ತದೆ’ ಅಂದಿರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಖಾಲಿಯಾದ ಟ್ಯಾಂಕ್ ತುಂಬಲು ಹೆಚ್ಚುಕಡಿಮೆ ಅಷ್ಟು ದಿನ ಬೇಕು. ಆ ವಾರ ಇಂಗುಗುಂಡಿಗೆ ನೀರೇ ಹೋಗಿರುವುದಿಲ್ಲ, ಅದಕ್ಕೇ ನೆಲ ಒಣಗುತ್ತದೆ. ತುಂಬಿದ ಮೇಲೆ ಮನೆಯಿಂದ ಎಷ್ಟು ನೀರು ಬರುತ್ತದೋ ಅಷ್ಟೇ ನೀರು ಆ ಕಡೆಯಿಂದ ಹೊರಗೆ ಹೋಗಲೇಬೇಕು. ಟ್ಯಾಂಕ್ ಎಷ್ಟು ದೊಡ್ಡದಾದರೂ ಈ ಲೆಕ್ಕ ಬದಲಾಗುವುದಿಲ್ಲ. ನಿಮ್ಮ ತೊಂದರೆ ಗುಂಡಿಯಲ್ಲಿದೆ, ಇಲ್ಲವೇ ಗುಂಡಿಗೆ ಹೋಗುತ್ತಿರುವ ನೀರು ಜಾಸ್ತಿಯಾಗಿದೆ. ಎರಡೂ ಇರಬಹುದು.

ಮುಂದಿನ ಸಲ ಖಾಲಿ ಮಾಡಿಸುವಾಗ ಹಣ ಕೊಟ್ಟು ಒಳಗೆ ಹೋಗಿಬಿಡಬೇಡಿ, ಅಲ್ಲೇ ನಿಂತಿರಿ. ಮುಚ್ಚಳ ತೆಗೆದಾಗ ನೀರಿನ ಮಟ್ಟ ಎಲ್ಲಿದೆ ಅಂತ ಟಾರ್ಚ್ ಹಾಕಿ ದೂರದಿಂದ ನೋಡಿ. ಹೊರಹೋಗುವ ಪೈಪಿನ ತಳದ ಮಟ್ಟಕ್ಕೆ ನೀರು ಇರಬೇಕು. ಅದಕ್ಕಿಂತ ಮೇಲಿದ್ದರೆ ಮುಂದೆಲ್ಲೋ ನೀರು ನಿಂತಿದೆ ಎಂದರ್ಥ. ಟ್ಯಾಂಕ್ ಖಾಲಿಯಾಗುತ್ತಿದ್ದಂತೆ ಅದೇ ಪೈಪಿನಿಂದ ನೀರು ವಾಪಸ್ ಟ್ಯಾಂಕಿಗೆ ಸುರಿಯುತ್ತದೆಯೇ ನೋಡಿ. ಸುರಿದರೆ ಇನ್ನು ಅನುಮಾನವೇ ಬೇಡ, ಗುಂಡಿ ಕತ್ತಿನವರೆಗೆ ತುಂಬಿದೆ, ನೆಲ ಕುಡಿಯುತ್ತಿಲ್ಲ.

ಆ ಪೈಪಿನ ಬಾಯಿಗೆ ‘ಟಿ’ (ಇಂಗ್ಲಿಷಿನ T ಆಕಾರದ ಪೈಪ್ ತುಂಡು) ಇದೆಯೇ ಅಂತಲೂ ನೋಡಿಸಿ. ಟ್ಯಾಂಕಿನಲ್ಲಿ ಭಾರದ್ದು ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ. ನಡುವಿನ ನೀರು ಮಾತ್ರ ಹೊರಗೆ ಹೋಗಲಿ ಅಂತಲೇ ಆ ಟಿ ಹಾಕುವುದು. ಅದು ಮುರಿದು ಬಿದ್ದಿದ್ದರೆ, ಅಥವಾ ಕಟ್ಟುವಾಗಲೇ ಹಾಕದಿದ್ದರೆ (ಇದೂ ಉಂಟು!), ಜಿಡ್ಡೆಲ್ಲ ಗುಂಡಿಗೆ ಹೋಗಿ ಅದರ ಗೋಡೆಗೆ ಕಪ್ಪು ಲೋಳೆ ಕಟ್ಟುತ್ತದೆ. ಜರಡಿಯ ಕಣ್ಣು ಮುಚ್ಚಿದ ಹಾಗೆ. ಆಮೇಲೆ ಟ್ಯಾಂಕನ್ನು ಎಷ್ಟು ಸಲ ಖಾಲಿ ಮಾಡಿಸಿದರೂ ಆ ಲೋಳೆ ಹೋಗುವುದಿಲ್ಲ.

ಒಂದು ಮಾತು ಖಡಾಖಂಡಿತ. ಯಾರನ್ನೂ ಒಳಗೆ ಇಳಿಸಬೇಡಿ. ನೀವೂ ತಲೆ ಬಗ್ಗಿಸಬೇಡಿ, ಬೆಂಕಿ ಕಡ್ಡಿ ಗೀರಬೇಡಿ. ಒಳಗಿನ ಮೀಥೇನ್ ಹೊತ್ತಿಕೊಳ್ಳುವ ಅನಿಲ. ಹೈಡ್ರೋಜನ್ ಸಲ್ಫೈಡ್ ಇನ್ನೂ ಕೆಟ್ಟದ್ದು, ಜಾಸ್ತಿಯಾದರೆ ಮೂಗನ್ನೇ ಮರಗಟ್ಟಿಸುತ್ತದೆ. ವಾಸನೆ ಬರುತ್ತಿಲ್ಲ, ಇಳಿಯಬಹುದು ಅಂದುಕೊಂಡವರು ಮೇಲೆ ಬಂದಿಲ್ಲ.

ಈಗ ನೀರಿನ ಕಡೆ. ಅಗೆಯುವ ಮೊದಲು ಇದನ್ನು ನೋಡಿ, ಖರ್ಚಿಲ್ಲದ ಕೆಲಸ. ಫ್ಲಷ್ ಟ್ಯಾಂಕಿಗೆ ಅಡುಗೆಗೆ ಬಳಸುವ ಬಣ್ಣ ನಾಲ್ಕು ಹನಿ ಹಾಕಿ, ಫ್ಲಷ್ ಮಾಡದೆ ಕಾಲು ಗಂಟೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ವಾಲ್ವ್ ಸೋರುತ್ತಿದೆ. ಸದ್ದೇ ಇಲ್ಲದೆ ದಿನಕ್ಕೆ ನೂರಾರು ಲೀಟರ್ ಹೋಗಬಹುದು, ಅದೆಲ್ಲ ಗುಂಡಿಗೇ ತಾನೇ? ಮಾಳಿಗೆಯ ಮಳೆನೀರಿನ ಪೈಪನ್ನು ಯಾರಾದರೂ ಈ ಟ್ಯಾಂಕಿಗೆ ಹೋಗುವ ಚೇಂಬರಿಗೇ ಸೇರಿಸಿದ್ದಾರಾ ನೋಡಿ. ಮಳೆಗಾಲದಲ್ಲಿ ಜಾಸ್ತಿ ಅಂದಿರಲ್ಲ, ನನಗೆ ಅಲ್ಲೇ ಗುಮಾನಿ.

ಇಷ್ಟೂ ಸರಿ ಮಾಡಿದ ಮೇಲೂ ಒಸರಿದರೆ ಎರಡನೇ ಇಂಗುಗುಂಡಿ ಮಾಡಿಸಿ. ನಡುವೆ ಒಂದು ಚೇಂಬರ್ ಇಟ್ಟು, ಬೇಕಾದ ಕಡೆಗೆ ನೀರು ತಿರುಗಿಸುವ ಹಾಗಿರಲಿ. ಹಳೆಯದಕ್ಕೆ ಆರು ತಿಂಗಳಿಂದ ಒಂದು ವರ್ಷ ರಜೆ ಕೊಟ್ಟರೆ ಒಳಗೆ ಗಾಳಿಯಾಡಿ ಲೋಳೆ ತಾನಾಗಿ ಕೊಳೆತು ಹೋಗುತ್ತದೆ, ಗುಂಡಿ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಆಮೇಲೆ ಅದಲು ಬದಲು ಬಳಸಿ.

ಅಗೆಯುವ ಮೊದಲು ನೆಲವನ್ನೂ ಕೇಳಿ. ಒಂದಡಿ ಅಗಲದ ಚಿಕ್ಕ ಕುಣಿ ತೋಡಿ, ಹಿಂದಿನ ದಿನ ನೀರು ತುಂಬಿಸಿ ನೆನೆಯಲು ಬಿಡಿ. ಮರುದಿನ 15 ಸೆಂ.ಮೀ. ನೀರು ನಿಲ್ಲಿಸಿ, ಎಷ್ಟು ಹೊತ್ತಿಗೆ 2.5 ಸೆಂ.ಮೀ. ಇಳಿಯುತ್ತದೆ ನೋಡಿ. ಅರ್ಧ ಗಂಟೆಯೊಳಗೆ ಇಳಿದರೆ ಗುಂಡಿ ಸಾಕು. ಒಂದು ಗಂಟೆಯವರೆಗೆ ಹಿಡಿದರೆ ಉದ್ದನೆಯ, ಆಳವಿಲ್ಲದ ಕಾಲುವೆ ತೋಡಿ ಜಲ್ಲಿ ತುಂಬಿಸುವುದೇ ಮೇಲು. ಅದಕ್ಕೂ ನಿಧಾನವಾದರೆ ಅದು ಇಂಗುವ ನೆಲವಲ್ಲ, ಬೇರೆ ವ್ಯವಸ್ಥೆಗೆ ಎಂಜಿನಿಯರನ್ನು ಕರೆಸಿ. ಮಳೆಗಾಲದಲ್ಲಿ ಅಂತರ್ಜಲ ಗುಂಡಿಯ ತಳಕ್ಕೆ ಬರುವ ಜಾಗವಾದರೆ ಹೊಸ ಗುಂಡಿಯೂ ಹಾಗೇ ತುಂಬುತ್ತದೆ. ಬಾವಿ ಇದ್ದರೆ ಗುಂಡಿ ಅದರಿಂದ ಕನಿಷ್ಠ 18 ಮೀಟರ್ ದೂರ ಇರಲಿ, ಈಗಲೇ ಒಮ್ಮೆ ಬಾವಿನೀರು ಪರೀಕ್ಷೆ ಮಾಡಿಸಿಬಿಡಿ.

ಆ ಲೋಡ್ ಮಣ್ಣು ತೆಗೆಸಿ. ಅದು ನೀರನ್ನು ಮುಚ್ಚಿದೆ, ತಡೆದಿಲ್ಲ. ಒಸರಿದ ಜಾಗಕ್ಕೆ ಮಕ್ಕಳನ್ನು ಬಿಡಬೇಡಿ, ಸೊಪ್ಪು ತರಕಾರಿ ಹಾಕಬೇಡಿ. ಸರಿಯಾದ ಮೇಲೆ ಹುಲ್ಲು ಬೆಳೆಸಿ, ಗುಲಾಬಿಯನ್ನು ದೂರ ನೆಡಿ. ಮೇಲೆ ಗಾಡಿ ನಿಲ್ಲಿಸಬೇಡಿ, ಮಣ್ಣು ಗಟ್ಟಿಯಾದಷ್ಟೂ ಇಂಗುವುದು ಕಡಿಮೆ.

ಪ್ರಶ್ನೆ: ಟ್ಯಾಂಕಿಗೆ ಹಾಕುವ ಬ್ಯಾಕ್ಟೀರಿಯಾ ಪುಡಿ ಬರುತ್ತದಲ್ಲ, ಅದನ್ನು ಹಾಕಿದರೆ ಖಾಲಿ ಮಾಡಿಸುವ ಕೆಲಸ ತಪ್ಪುತ್ತದೆಯೇ?

ಉತ್ತರ: ತಪ್ಪುವುದಿಲ್ಲ. ಬೇಕಾದ ಬ್ಯಾಕ್ಟೀರಿಯಾ ದಿನಾ ಮನೆಯಿಂದಲೇ ಹೋಗುತ್ತಿರುತ್ತದೆ, ದುಡ್ಡು ಕೊಟ್ಟು ತರಬೇಕಿಲ್ಲ. ಬಕೆಟ್‌ಗಟ್ಟಲೆ ಆಸಿಡ್, ಬ್ಲೀಚಿಂಗ್ ಸುರಿದು ಅವನ್ನು ಕೊಲ್ಲದಿದ್ದರೆ ಸಾಕು. ತಳದ ಹೂಳು, ಮೇಲಿನ ಜಿಡ್ಡು ಸೇರಿ ಟ್ಯಾಂಕಿನ ಮೂರನೇ ಒಂದು ಭಾಗ ಆಯಿತೆಂದರೆ ಗಾಡಿ ಕರೆಸಿ. ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ.