ಹಗಲು ಮರದ ಮೇಲೆ, ರಾತ್ರಿ ಪುಸ್ತಕದ ಮುಂದೆ

ಪ್ರಶ್ನೆ: ನನಗೆ 36 ವರ್ಷ. 11 ವರ್ಷದಿಂದ ಮರಗಳ ಆರೈಕೆ ಮಾಡುವ ಕಂಪನಿಯಲ್ಲಿದ್ದೇನೆ. ಹಗ್ಗ ಕಟ್ಟಿಕೊಂಡು ಮರ ಹತ್ತಿ ಕೊಂಬೆ ಕಡಿಯುವುದೇ ಕೆಲಸ. ಈಗೀಗ ಬಲಭುಜ ನೋಯುತ್ತದೆ. ಮರಗಳನ್ನು ಪರೀಕ್ಷಿಸಿ ವರದಿ ಬರೆಯುವ ಕೆಲಸಕ್ಕೆ ಹೋಗಬೇಕೆಂಬ ಆಸೆ. ಸರ್ಟಿಫಿಕೇಟ್ ಪರೀಕ್ಷೆ ಸಾಕಾ, ಉದ್ದದ ಡಿಪ್ಲೊಮಾನೇ ಮಾಡಬೇಕಾ, ತಿಳಿಯುತ್ತಿಲ್ಲ. ಕಳೆದ ವರ್ಷ ಒಂದು ಕೋರ್ಸಿಗೆ ದುಡ್ಡು ಕಟ್ಟಿ ಎರಡೇ ತಿಂಗಳಲ್ಲಿ ಬಿಟ್ಟೆ. ಮನೆಗೆ ಬಂದು ಪುಸ್ತಕ ತೆರೆದರೆ ಕಣ್ಣು ಮುಚ್ಚುತ್ತದೆ. ಹೆಂಡತಿ, 'ಮತ್ತೆ ದುಡ್ಡು ದಂಡ ಮಾಡ್ತೀರಾ?' ಅನ್ನುತ್ತಾಳೆ. ಶಾಲೆಯಲ್ಲೂ ಓದಿನಲ್ಲಿ ಹಿಂದಿದ್ದವನು ನಾನು. ನನ್ನಿಂದ ಆಗುತ್ತಾ?

ಉತ್ತರ: ಆಗುತ್ತದೆ. ಆದರೆ ಕಳೆದ ವರ್ಷ ಓದಿದ ಹಾಗೆ ಓದಿದರೆ ಮತ್ತೆ ಕಷ್ಟವೇ.

ಮೊದಲು ಭುಜದ ವಿಷಯ. ಡಿಪ್ಲೊಮಾ ಕೈಗೆ ಬರುವ ತನಕ ಆ ನೋವು ಕಾಯುವುದಿಲ್ಲ. ಈ ವಾರವೇ ಡಾಕ್ಟರಿಗೆ ತೋರಿಸಿ. ಜೊತೆಗೆ ಕೆಲಸ ಹಂಚುವವರಿಗೂ ತಿಳಿಸಿ. ಹಗ್ಗದ ಮೇಲೆ ಚೈನ್‌ಸಾ ಹಿಡಿದು ಕೆಲಸ ಮಾಡುವವರು ನೋವು ಮುಚ್ಚಿಡಬಾರದು.

ಇನ್ನು ಯಾವುದನ್ನು ಓದಬೇಕು ಅನ್ನುವುದು. ಯಾವುದು ದೊಡ್ಡದು ಅಂತ ಕೇಳಬೇಡಿ, ಐದು ವರ್ಷದ ನಂತರ ನಾನು ಯಾವ ಕೆಲಸ ಮಾಡುತ್ತಿರಬೇಕು ಅಂತ ಕೇಳಿಕೊಳ್ಳಿ. ನಿಮಗೆ ಅದು ಆಗಲೇ ಗೊತ್ತಿದೆ, ಅರ್ಧ ದಾರಿ ಮುಗಿದಂತೆ. ಹಾಗಾಗಿ ಆ ಕೆಲಸಕ್ಕೆ ಜನ ಬೇಕು ಎನ್ನುವ ಜಾಹೀರಾತುಗಳನ್ನು ಹತ್ತಾದರೂ ಹುಡುಕಿ ಓದಿ. ಯಾವ ಅರ್ಹತೆಯ ಹೆಸರು ಮತ್ತೆ ಮತ್ತೆ ಬರುತ್ತದೆ, ಬರೆದಿಟ್ಟುಕೊಳ್ಳಿ. ಮರ ಪರೀಕ್ಷೆ ಮಾಡುವ ಒಬ್ಬರ ಜೊತೆ ಒಂದು ರಜೆಯ ದಿನ ಹೋಗಿ ಬನ್ನಿ, ಅವರು ಬರೆದ ಒಂದು ವರದಿ ಕೇಳಿ ಓದಿ. ಇಷ್ಟಾದ ಮೇಲೆ ದುಡ್ಡು ಕಟ್ಟುವ ಮಾತು.

ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಆರ್ಬೊರಿಕಲ್ಚರ್, ಅಂದರೆ ಐಎಸ್‌ಎ ಕೊಡುವ ಸರ್ಟಿಫೈಡ್ ಆರ್ಬೊರಿಸ್ಟ್ (ಮರಗಳ ಆರೈಕೆ ಬಲ್ಲವರು) ಪರೀಕ್ಷೆಗೆ ಮೂರು ವರ್ಷದ ಪೂರ್ಣಾವಧಿ ಅನುಭವ ಇದ್ದರೆ ಕೂರಬಹುದು. ನಿಮ್ಮ ಹತ್ತಿರ ಅದರ ಮೂರು ಪಟ್ಟಿಗಿಂತ ಜಾಸ್ತಿ ಇದೆ. 200 ಪ್ರಶ್ನೆ, ಮೂರೂವರೆ ಗಂಟೆ, ಉತ್ತರ ಆರಿಸುವುದಷ್ಟೇ, ಪ್ರಬಂಧ ಬರೆಯುವುದಿಲ್ಲ. ಪಾಸಾದ ಮೇಲೆ ಮೂರು ವರ್ಷಕ್ಕೊಮ್ಮೆ ನವೀಕರಣ ಇರುತ್ತದೆ. ಅದಕ್ಕೆ ಮತ್ತೆ ಪರೀಕ್ಷೆ ಬರೆಯಿರಿ, ಇಲ್ಲವೇ ಆ ಅವಧಿಯಲ್ಲಿ ತರಬೇತಿಗಳಿಗೆ ಹೋಗಿ 30 ಕಲಿಕಾ ಅಂಕ ಕೂಡಿಸಿ. ಮರ ಬೀಳುವ ಅಪಾಯ ಅಳೆಯುವುದಕ್ಕೆ ಅವರದೇ ಬೇರೆ ಅರ್ಹತೆ ಇದೆ. ಕೆಲವೇ ದಿನದ ತರಬೇತಿ, ಕೊನೆಗೆ ಪರೀಕ್ಷೆ, ಪಾಸಾದರೆ ಆ ಅರ್ಹತೆ ಐದು ವರ್ಷ ಚಾಲ್ತಿಯಲ್ಲಿರುತ್ತದೆ.

ಬ್ರಿಟನ್ನಿನ ಪದ್ಧತಿಯಲ್ಲಿ ಮೆಟ್ಟಿಲುಗಳಿವೆ. ಎರಡು, ಮೂರನೇ ಹಂತ ಹೆಚ್ಚಾಗಿ ಕೈಕೆಲಸ ಮತ್ತು ಅದರ ಮೇಲ್ವಿಚಾರಣೆಗೆ. ನಾಲ್ಕನೇ ಹಂತದ ಡಿಪ್ಲೊಮಾ ಮರ ನೋಡಿ ಸಲಹೆ ಕೊಡುವವರಿಗೆ. ಆರನೆಯದು ಪದವಿಯ ಮಟ್ಟದ್ದು. ಯುರೋಪಿನಲ್ಲಿ ಮರ ಹತ್ತುವವರಿಗೆ ಯುರೋಪಿಯನ್ ಟ್ರೀ ವರ್ಕರ್, ಯೋಜನೆ ಮಾಡುವವರಿಗೆ ಯುರೋಪಿಯನ್ ಟ್ರೀ ಟೆಕ್ನಿಷಿಯನ್ ಅಂತ ಎರಡಿವೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಸರ್ಟಿಫಿಕೇಟ್ ಪರೀಕ್ಷೆ ಬರೆಯುತ್ತಿದ್ದೆ. ಅದಕ್ಕೊಂದು ತಾರೀಕು ಇರುತ್ತದೆ, ಆ ದಿನ ಮುಗಿಯುತ್ತದೆ. ಒಮ್ಮೆ ಅರ್ಧಕ್ಕೆ ಬಿಟ್ಟವರಿಗೆ ಏನಾದರೂ ಒಂದನ್ನು ಪೂರ್ತಿ ಮುಗಿಸುವುದು ತುಂಬಾ ಮುಖ್ಯ. ಜಾಹೀರಾತುಗಳು ಡಿಪ್ಲೊಮಾನೇ ಕೇಳುತ್ತಿದ್ದರೆ ಅದನ್ನೂ ಮಾಡಲೇಬೇಕು, ಸುಳ್ಳು ಹೇಳುವುದಿಲ್ಲ. ಆದರೆ ಎರಡನೆಯದಾಗಿ ಮಾಡಿ. ಆ ಹೊತ್ತಿಗೆ ಓದುವ ಅಭ್ಯಾಸ ಕೂತಿರುತ್ತದೆ.

ಈಗ ಓದುವ ಬಗೆ. ದಿನವಿಡೀ ಗರಗಸದ ಸದ್ದಿನಲ್ಲಿ, ಹಗ್ಗದ ಮೇಲೆ ಮೈಯೆಲ್ಲ ಎಚ್ಚರವಾಗಿಟ್ಟುಕೊಂಡು ಕೆಲಸ ಮಾಡಿದವರಿಗೆ ರಾತ್ರಿ ಪುಸ್ತಕ ಹಿಡಿದರೆ ನಿದ್ದೆ ಬಾರದೆ ಇನ್ನೇನು? ಅದು ಸೋಮಾರಿತನ ಅಲ್ಲ, ದಡ್ಡತನವೂ ಅಲ್ಲ. ರಾತ್ರಿಯ ಓದು ಬಿಟ್ಟುಬಿಡಿ. ಬೆಳಿಗ್ಗೆ ಹೊರಡುವ ಮೊದಲು ಅರ್ಧ ಗಂಟೆ, ಊಟದ ಬಿಡುವಿನಲ್ಲಿ ಹತ್ತು ಪ್ರಶ್ನೆ, ಸಾಕು. ಗಾಳಿಮಳೆಗೆ ಮರ ಬಿದ್ದು ಕಂಪನಿಗೆ ಪುರುಸೊತ್ತೇ ಇಲ್ಲದ ತಿಂಗಳಲ್ಲಿ ಶುರು ಮಾಡಬೇಡಿ. ಕಳೆದ ವರ್ಷ ನೀವು ಶುರು ಮಾಡಿದ್ದು ಯಾವ ತಿಂಗಳು, ನೆನಪು ಮಾಡಿಕೊಳ್ಳಿ.

ನಾನೂ ಕೆಲಸದ ಜೊತೆಗೇ ಓದಿದವನು. ಮೊದಲ ಸಲ ಪುಸ್ತಕವನ್ನು ಎರಡು ಬಾರಿ ಪೂರ್ತಿ ಓದಿ, ಸಾಲು ಸಾಲಿಗೂ ಗೆರೆ ಎಳೆದು ಹೋಗಿದ್ದೆ. ಫೇಲಾದೆ. ಓದಿದ್ದೆಲ್ಲ ಗೊತ್ತಿದ್ದ ಹಾಗೆ ಕಾಣುತ್ತಿತ್ತು, ಕೇಳಿದಾಗ ಬಾಯಿಗೆ ಬರಲಿಲ್ಲ. ಎರಡನೇ ಸಲ ಒಂದು ಪುಟ ಓದುವುದು, ಪುಸ್ತಕ ಮುಚ್ಚುವುದು, ನನಗೇ ಹೇಳಿಕೊಳ್ಳುವುದು. ಮೂರು ದಿನ ಬಿಟ್ಟು ಅದನ್ನೇ ಮತ್ತೆ ಹೇಳುವುದು. ನಿಧಾನ ಅನ್ನಿಸುತ್ತದೆ, ಆದರೆ ಉಳಿಯುತ್ತದೆ.

ಕಾಲೇಜಿನಿಂದ ನೇರ ಬಂದವರಿಗೆ ಇಲ್ಲದ ಒಂದು ಆಸ್ತಿ ನಿಮ್ಮ ಹತ್ತಿರ ಇದೆ. ನಿಮ್ಮ ಪಠ್ಯಪುಸ್ತಕವನ್ನು ನೀವು ದಿನಾ ಕೈಯಲ್ಲಿ ಮುಟ್ಟುತ್ತೀರಿ. ಹಳೆಯ ಗಾಯ ಇರುವ ಕೊಂಬೆಯನ್ನು ಅಡ್ಡ ಕೊಯ್ದಾಗ ನಡುವೆ ಕಪ್ಪಾದ ಭಾಗ, ಅದರ ಸುತ್ತ ಬೆಳ್ಳಗಿನ ಒಳ್ಳೆಯ ಮರ ಕಂಡಿರುತ್ತೀರಿ, ಅಲ್ವಾ? ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶೈಗೊ ಚೈನ್‌ಸಾ ಹಿಡಿದು ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ಇದನ್ನೇ ನೋಡಿದರು. 1977ರಲ್ಲಿ ಅವರು ವಿವರಿಸಿದ ಆ ವಿಚಾರಕ್ಕೆ ಕೋಡಿಟ್ ಅಂತ ಹೆಸರು. ನಮ್ಮ ಚರ್ಮದ ಗಾಯ ಮಾಯುವ ಹಾಗೆ ಮರದ ಗಾಯ ಮಾಯುವುದಿಲ್ಲ. ಕೆಟ್ಟ ಭಾಗದ ಸುತ್ತ ಮರ ಗೋಡೆ ಕಟ್ಟಿ, ಅದನ್ನು ಅಲ್ಲೇ ಬಿಟ್ಟು, ಹೊರಗೆ ಹೊಸದಾಗಿ ಬೆಳೆಯುತ್ತದೆ. ಗೋಡೆಗಳು ನಾಲ್ಕು. ಮೊದಲನೆಯದು ನೀರಿನ ನಾಳಗಳನ್ನು ಮುಚ್ಚಿ ಕೊಳೆತ ಮೇಲೆ ಕೆಳಗೆ ಹರಡದಂತೆ ತಡೆಯುತ್ತದೆ, ಎಲ್ಲಕ್ಕಿಂತ ದುರ್ಬಲ ಅದೇ. ಅದಕ್ಕೇ ಟೊಳ್ಳು ಉದ್ದಕ್ಕೆ ಹೋಗುವುದು. ಎರಡನೆಯದು ಒಳಕ್ಕೆ ಹೋಗದಂತೆ, ಮೂರನೆಯದು ಪಕ್ಕಕ್ಕೆ ಹೋಗದಂತೆ ತಡೆಯುತ್ತದೆ. ನಾಲ್ಕನೆಯದು ಗಾಯವಾದ ಮೇಲೆ ಹೊಸದಾಗಿ ಬೆಳೆದದ್ದು, ಅದೇ ಗಟ್ಟಿ.

ಕೊಂಬೆ ತೆಗೆಯುವಾಗ ಅದರ ಬುಡದ ಉಬ್ಬನ್ನು ಉಳಿಸಿ ಅದರ ಹೊರಗೆ ಕೊಯ್ಯುವುದು ನಿಮ್ಮ ಕೈಗೆ ಗೊತ್ತು. ಯಾಕೆ ಅಂತ ಪರೀಕ್ಷೆ ಕೇಳುತ್ತದೆ. ಕೊಂಬೆಯ ಕೊಳೆತ ಕಾಂಡಕ್ಕೆ ದಾಟದಂತೆ ತಡೆಯುವ ಶಕ್ತಿ ಆ ಉಬ್ಬಿನ ಜಾಗದಲ್ಲೇ ಇದೆ, ಅದನ್ನು ಕೊಯ್ದರೆ ಕಾಂಡಕ್ಕೇ ಗಾಯ. ನಿಮ್ಮ ಓದು ಬಹುಪಾಲು ಇಷ್ಟೇ: ಕೈಗೆ ಗೊತ್ತಿರುವುದಕ್ಕೆ ಕಾರಣ ಹುಡುಕುವುದು. ಲ್ಯಾಟಿನ್ ಹೆಸರುಗಳನ್ನೂ ಹಾಗೇ ಕಲಿಯಿರಿ. ಅವತ್ತು ಹತ್ತಿದ ಮರದ ಹೆಸರನ್ನು ಅವತ್ತೇ ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಿ.

ವರದಿ ಬರೆಯುವುದಕ್ಕೂ ಈಗಲೇ ಕೈ ಪಳಗಿಸಿ. ದಿನಕ್ಕೊಂದು ಮರ, ಐದಾರು ಸಾಲು. ಕಂಡಿದ್ದೇನು, ಅದರ ಅರ್ಥವೇನು, ಮಾಡಬೇಕಾದ್ದೇನು, ಮೂರನ್ನೂ ಬೇರೆ ಬೇರೆ ಬರೆಯಿರಿ. 'ಬುಡದಲ್ಲಿ ಗ್ಯಾನೊಡರ್ಮಾ ಅಣಬೆ ಇದೆ' ಅನ್ನುವುದು ಕಂಡದ್ದು. 'ಬುಡದ ಒಳಗೆ ಕೊಳೆತ ಇದೆ, ಎಷ್ಟು ಅಂತ ಹೊರಗಿನಿಂದ ಹೇಳಲಾಗದು' ಅನ್ನುವುದು ಅರ್ಥ. 'ಸುತ್ತಿಗೆಯಿಂದ ಬಡಿದು ಸದ್ದು ಕೇಳಬೇಕು, ಅನುಮಾನ ಬಂದರೆ ಉಪಕರಣದಿಂದ ಅಳೆಯಬೇಕು' ಅನ್ನುವುದು ಮುಂದಿನ ಕೆಲಸ. ಅಣಬೆ ಕಂಡ ಕೂಡಲೇ 'ಮರ ಕಡಿಯಿರಿ' ಅಂತ ಬರೆಯುವವರಿದ್ದಾರೆ. ನೀವು ಹಾಗೆ ಬರೆಯಬಾರದು ಅಂತ ನನ್ನ ಆಸೆ.

ಶಾಲೆಯಲ್ಲಿ ಹಿಂದಿದ್ದೆ ಅಂದಿರಿ. ಓದುವಾಗ ಅಕ್ಷರ ಕಲಸಿದಂತೆ ಆಗುತ್ತದೆಯೇ? ಸಾಲು ತಪ್ಪುತ್ತದೆಯೇ? ಹೌದಾದರೆ ಡಿಸ್ಲೆಕ್ಸಿಯಾ, ಅಂದರೆ ಓದು ಬರಹಕ್ಕೆ ತೊಡಕಾಗುವ ತೊಂದರೆ, ಇದೆಯೇ ಅಂತ ತಜ್ಞರಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ. ಇದ್ದರೆ ಹೆಚ್ಚಿನ ಸಮಯದಂಥ ಅನುಕೂಲ ಕೇಳಬಹುದು, ಮೊದಲೇ ಅರ್ಜಿ ಹಾಕಬೇಕು ಅಷ್ಟೇ. ಕಂಪನಿಯವರನ್ನೂ ಫೀಸಿನ ಬಗ್ಗೆ ಕೇಳಿ ನೋಡಿ. ಕೊಟ್ಟರೆ, ಪ್ರತಿಯಾಗಿ ಎಷ್ಟು ವರ್ಷ ಅಲ್ಲೇ ಇರಬೇಕು ಅನ್ನುವುದನ್ನು ಬರವಣಿಗೆಯಲ್ಲಿ ಪಡೆಯಿರಿ.

ನಿಮ್ಮ ಹೆಂಡತಿಯ ಮಾತನ್ನು ಸಿಟ್ಟು ಅಂತ ತೆಗೆದುಕೊಳ್ಳಬೇಡಿ. ಕಳೆದ ಸಲ ದುಡ್ಡಿನ ಜೊತೆ ನಿಮ್ಮ ಸಂಜೆಗಳೂ ಹೋದವು, ಆ ಸಂಜೆಗಳಲ್ಲಿ ಮನೆ ನೋಡಿಕೊಂಡವರು ಅವರೇ ಇರಬೇಕು. ಒಂದು ಕ್ಯಾಲೆಂಡರ್ ಇಟ್ಟುಕೊಂಡು ಇಬ್ಬರೂ ಕೂತುಕೊಳ್ಳಿ. ಪರೀಕ್ಷೆ ಯಾವತ್ತು, ಎಷ್ಟು ದುಡ್ಡು ಯಾವಾಗ, ನಿಮ್ಮ ಯಾವ ಕೆಲಸ ಅವರ ಮೇಲೆ ಬೀಳುತ್ತದೆ, ಅದಕ್ಕೆ ಬದಲಾಗಿ ನೀವೇನು ಮಾಡುತ್ತೀರಿ, ಎಲ್ಲ ಬರೆಯಿರಿ. ಭುಜದ ನೋವನ್ನೂ ಹೇಳಿ. ನನಗೆ ಬರೆದ ಹಾಗೆ ಅವರಿಗೆ ಅದನ್ನು ಹೇಳಿದ್ದೀರೋ ಇಲ್ಲವೋ, ಪತ್ರದಲ್ಲಿ ಕಾಣಲಿಲ್ಲ.

ಆಮೇಲೆ ಒಂದು ಕೆಲಸ. ನಾಳೆ ಕಡಿಯುವ ಕೊಂಬೆಗಳಲ್ಲಿ ಹಳೆಯ ಗಾಯ ಇರುವ ಒಂದು ತುಂಡು ಮನೆಗೆ ತನ್ನಿ. ನಾಲ್ಕು ಗೋಡೆ ಎಲ್ಲೆಲ್ಲಿವೆ ಅಂತ ಅವರಿಗೆ ಬೆರಳಿಟ್ಟು ತೋರಿಸಿ. ಹೇಳುತ್ತಾ ಎಲ್ಲಿ ತಡವರಿಸುತ್ತೀರೋ, ಮರುದಿನ ಬೆಳಿಗ್ಗೆ ಪುಸ್ತಕದಲ್ಲಿ ಆ ಪುಟ ತೆರೆಯಿರಿ.